ಕಪ್ಪೆಯ ಬಾಯಿಯಲ್ಲಿ ಕೊಡೆಗಳು

ನಿಶಿಗಾಕಿಯನ್ನು ಕಳ್ಳನನ್ನಾಗಿ ಮಾಡಿದ್ದು ಒಂದು ಪಿಂಗಾಣಿ ಕಪ್ಪೆ.

ಮಿಕಿ ಊರಿನ ಕಾಜಿವಾರಾ ಗರಗಸ ಕಾರ್ಖಾನೆಯ ಕಚೇರಿಯಲ್ಲಿ ಅವನು ತಲೆ ನರೆಯುವ ತನಕ ದುಡಿದಿದ್ದ. ವರ್ಷದ ಕೊನೆಗೆ ಗರಗಸ ಮಾರುವ ಅಂಗಡಿಯವರಿಗೆಲ್ಲ ಉಡುಗೊರೆ ಕಳಿಸುವ ಕೆಲಸವೂ ಅವನದೇ. ಉಡುಗೊರೆ ಎಂದರೆ ಬಣ್ಣದ ಚಿತ್ರಗಳ ಒಂದು ದಪ್ಪ ಕ್ಯಾಟಲಾಗು. ಪಡೆದವರು ಹಾಯಾಗಿ ಕೂತು ಪುಟ ತಿರುವಿ, ಮನಸ್ಸಿಗೆ ಬಂದ ಒಂದನ್ನು ಆರಿಸಿ, ಒಳಗಿರುವ ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಿದರಾಯಿತು. ಡಿಪಾರ್ಟ್‌ಮೆಂಟ್ ಸ್ಟೋರಿನವರು ಅದನ್ನು ಮನೆಗೆ ತಂದುಕೊಡುತ್ತಾರೆ. ಇಂಥ ಎಷ್ಟೋ ಪುಸ್ತಕಗಳನ್ನು ಕಟ್ಟಿ ಕಳಿಸಿದ ನಿಶಿಗಾಕಿಗೆ ತನಗೂ ಒಂದು ಬರಲಿ ಎಂಬ ಆಸೆ. ಬಾಯಿಬಿಟ್ಟು ಕೇಳುವ ಜಾತಿ ಅಲ್ಲ ಅವನದು.

ಸೇವೆಗೆ ಇಪ್ಪತ್ತೈದು ವರ್ಷ ತುಂಬಿದ ದಿನ ಯಜಮಾನರು ಎಲ್ಲರೆದುರು ಅವನ ಕೈಗೆ ಒಂದು ಕ್ಯಾಟಲಾಗು ಕೊಟ್ಟರು. ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷ. ಅಲ್ಲೇ ನಿಂತು ಕಾರ್ಡಿಗಾಗಿ ಪುಟ ತಿರುವಿದ. ಕಾರ್ಡೇ ಇರಲಿಲ್ಲ.

"ಹುಡುಕ್ಬೇಡಿ ನಿಶಿಗಾಕಿ-ಸಾನ್," ಎಂದರು ಯಜಮಾನರ ಹೆಂಡತಿ ಮಿತ್ಸುಯೊ. ಕಚೇರಿಯ ಲೆಕ್ಕಪತ್ರವೆಲ್ಲ ಆಕೆಯದೇ. "ಇಷ್ಟೊಂದರಲ್ಲಿ ಆರಿಸೋದು ನಿಮಗ್ಯಾಕೆ ತಲೆನೋವು ಅಂತ ನಾನೇ ಆರಿಸಿ ಕಳಿಸ್ಬಿಟ್ಟೆ. ನೋಡಿ ಬೇಕಾದ್ರೆ, ನಿಮಗೇ ಹೇಳಿ ಮಾಡಿಸಿದ ಹಾಗಿದೆ!"

ಮನೆಗೆ ಬಂದದ್ದು ಕೊಡೆ ಇಡುವ ಕಪ್ಪೆ. ಮೊಣಕಾಲೆತ್ತರ, ಹಸಿರು ಬಣ್ಣ, ಆಕಾಶಕ್ಕೆ ಬಾಯಿ ತೆರೆದು ಕೂತಿತ್ತು.

"ರೀ, ಇದನ್ನ ಒಳಗಿಟ್ರೆ ನಾವಿಬ್ರೂ ಹೊರಗಿರ್ಬೇಕಾಗತ್ತೆ," ಎಂದಳು ಹೆಂಡತಿ ಕಿನುಯೊ. ಅವರ ಮನೆಯ ಬಾಗಿಲ ಬಳಿ ಎರಡು ಜೊತೆ ಚಪ್ಪಲಿಗೇ ಜಾಗ ಸಾಲದು. ನಿಶಿಗಾಕಿ ಅದನ್ನು ಹೊತ್ತು ತಂದು ಕಚೇರಿಯ ಬಾಗಿಲಲ್ಲಿಟ್ಟ. ಅವತ್ತಿನಿಂದ ಪ್ರತಿ ಬೆಳಿಗ್ಗೆ ಆ ಕಪ್ಪೆ ಅವನನ್ನು ನೋಡಿ ಬಾಯಿ ಬಿಟ್ಟು ನಗುತ್ತಿತ್ತು. ಥೂ, ಅದರ ಮುಖಕ್ಕಿಷ್ಟು!

ಬರುವ ಮಾರ್ಚಿಗೆ ನಿವೃತ್ತಿ. ಇದೇ ಕೊನೆಯ ಡಿಸೆಂಬರು, ಅಂಗಡಿಯವರ ಕ್ಯಾಟಲಾಗು ಒಂದೆರಡು ಹಾರಿಸಲು ಇದೇ ಕೊನೆಯ ಅವಕಾಶ. ಸಿಕ್ಕಿಬಿದ್ದರೆ ನಿವೃತ್ತಿಯ ಹಣವೂ ಹೋಯಿತು, ಮಾನವೂ ಹೋಯಿತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಯೋಚಿಸಿದ.

ಯೋಚಿಸಿದಷ್ಟೂ ಅವನಿಗೆ ತನ್ನ ಜನದ ಮರ್ಯಾದೆಯ ಮೇಲೆ ಭಕ್ತಿ ಹುಟ್ಟಿತು. ಕೊಟ್ಟವರು "ಉಡುಗೊರೆ ತಲುಪಿತಾ?" ಎಂದು ಕೇಳುವುದುಂಟೇ? ಛೇ, ಅಸಹ್ಯ. ಸಿಗದವರು "ನಮಗೇಕೆ ಬರಲಿಲ್ಲ?" ಎಂದು ಕೇಳುವುದುಂಟೇ? ಅದಕ್ಕಿಂತ ನಾಲಿಗೆ ಕಡಿದುಕೊಂಡಾರು. ಇತ್ತ ತುಟಿ ಹೊಲಿದಿದೆ, ಅತ್ತ ತುಟಿ ಹೊಲಿದಿದೆ. ಕ್ಯಾಟಲಾಗುಗಳು ಯಜಮಾನರ ಸಹಿಯ ಶುಭಾಶಯಕ್ಕಾಗಿ ಮೊದಲು ಕಚೇರಿಗೆ ಬರುತ್ತವೆ, ಅಲ್ಲಿಂದ ಅಂಚೆಗೆ ಒಯ್ಯುವವನು ತಾನೇ. ಧನ್ಯವಾದ ಹೇಳುವ ಫೋನುಗಳನ್ನು ಎತ್ತುವವನೂ ತಾನೇ. ಯಾವುದು ಬಂತು, ಯಾವುದು ಬರಲಿಲ್ಲ ಎಂದು ಬೇರೆ ಯಾರಿಗೆ ಗೊತ್ತಾಗಬೇಕು? ಹೊಸ ವರ್ಷದ ಭೇಟಿಗೆ ಅಂಗಡಿಯವರು ಬಂದಾಗ ಎಲ್ಲರೂ ಹೇಳುವುದು ಒಂದೇ ಮಾತು: "ಹೋದ ವರ್ಷ ನಿಮ್ಮಿಂದ ಬಹಳ ಉಪಕಾರವಾಯಿತು." ಅದರಲ್ಲಿ ಉಡುಗೊರೆ ಸಿಕ್ಕಿದ್ದೂ ಅಡಗುತ್ತದೆ, ಏನೂ ಸಿಗದಿದ್ದದ್ದೂ ಅಡಗುತ್ತದೆ.

ಇನ್ನು ಯಾರ ಪುಸ್ತಕ ಹಾರಿಸುವುದು? ದೊಡ್ಡ ಅಂಗಡಿಯವರು ಬೇಡ, ಅವರಿಗೆ ಕೊಬ್ಬು ಜಾಸ್ತಿ, ಕೇಳಿಬಿಟ್ಟಾರು. ಬಡವನ ಕೋಪ ದವಡೆಗೆ ಮೂಲ ಎಂದು ತಿಳಿದ ಸಾಧುಗಳೇ ಆಗಬೇಕು. ಆವಾಜಿ ದ್ವೀಪದ ಮುದುಕ ಉನೆಮೋಟೊ. ಕಳಿಸಿದ ಗರಗಸ ಬಾಗಿದ್ದರೂ ತಾನೇ ಬಗ್ಗಿಸಿದೆನೇನೋ ಎಂದು ಹೆದರುವ ಪ್ರಾಣಿ. ತಾಂಬಾದಲ್ಲಿ ಗಂಡ ಸತ್ತ ಮೇಲೂ ಅಂಗಡಿ ನಡೆಸುತ್ತಿರುವ ಒಗಿನೊ. ತಾತ್ಸುನೊದ ತೊದಲು ಮಾತಿನ ಹಾಮಾಗುಚಿ. ಈ ಮೂವರೂ ದೂರು ಹೇಳುವುದಿರಲಿ, ಜೋರಾಗಿ ಸೀನಿದವರೂ ಅಲ್ಲ.

ಊಟದ ಹೊತ್ತಿನಲ್ಲಿ ಕಾರ್ಖಾನೆಯ ಹಿಂದಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿಟ್ಟು ಅವನು ಪುಟ ತಿರುವಿದ. ಅಬ್ಬಾ, ಆ ಸುಖವೇ! ತಾಜಿಮಾ ಗೋಮಾಂಸವೋ, ಹೊಕ್ಕಾಯ್ದೊ ಏಡಿಯೋ? ಏಡಿ ಎಂದು ನಿರ್ಧರಿಸಿದ, ಛೆ ಗೋಮಾಂಸ ಎಂದ, ಮತ್ತೆ ಏಡಿಗೇ ಬಂದ. ಪುಸ್ತಕ ಮೂರಿದ್ದರೂ ಅವಸರದಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಕೊನೆಗೆ ಉನೆಮೋಟೊನ ಹೆಸರಲ್ಲಿ ಏಡಿ, ಒಗಿನೊಳ ಹೆಸರಲ್ಲಿ ಗೋಮಾಂಸ, ಹಾಮಾಗುಚಿಯ ಹೆಸರಲ್ಲಿ ರೇಷ್ಮೆ ತುಂಬಿದ ರಜಾಯಿ. ತಲುಪಿಸಬೇಕಾದ ವಿಳಾಸ ಮಾತ್ರ ತನ್ನ ಮನೆಯದು. ಊಟ ತನ್ನಿಚ್ಛೆ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಉಳಿದದ್ದು ಒಂದೇ ಅಪಾಯ, ಕಿನುಯೊ. ಏಡಿ ಕಂಡರೆ ಅವಳು ಸುಮ್ಮನಿರುವವಳಲ್ಲ. ಯಜಮಾನರ ಮನೆಗೆ ಧನ್ಯವಾದದ ಪತ್ರ, ಜೊತೆಗೆ ಒಂದು ಡಬ್ಬಿ ಚಹಾಪುಡಿ ಕಳಿಸಿಯೇ ತೀರುತ್ತಾಳೆ. ಎಷ್ಟೋ ಬುದ್ಧಿವಂತ ಗಂಡಂದಿರು ಹೆಂಡತಿಯ ಸಂಸ್ಕಾರದಿಂದಲೇ ಹಾಳಾಗಿದ್ದಾರೆ. ನಿಶಿಗಾಕಿ ಅದನ್ನೂ ಮೊದಲೇ ಕಂಡಿದ್ದ.

"ಕಿನುಯೊ, ಯಜಮಾನರು ಇದನ್ನ ಗುಟ್ಟಾಗಿ ಕೊಟ್ಟಿದ್ದಾರೆ. ಮಿತ್ಸುಯೊ-ಸಾನ್‌ಗೂ ಗೊತ್ತಿಲ್ಲ. ನೀನು ಥ್ಯಾಂಕ್ಸ್ ಅಂದ್ರೆ ಗಂಡ ಹೆಂಡತಿ ನಡುವೆ ಬೆಂಕಿ ಬೀಳತ್ತೆ."

"ಅಯ್ಯೋ, ನಂಗ್ಯಾಕ್ರೀ ಇನ್ನೊಬ್ರ ಮನೆ ಜಗಳ!" ಎಂದಳು ಅವಳು, ಏಡಿಯ ಕಾಲು ಮುರಿಯುತ್ತ. ಸ್ವಲ್ಪ ಹೊತ್ತಿನ ಮೇಲೆ, "ಕೊನೆಗೂ ನಿಮ್ಮ ಬೆಲೆ ಗೊತ್ತಾಯ್ತಲ್ಲ ಅವರಿಗೆ," ಎಂದಳು. ನಿಶಿಗಾಕಿ ತಲೆ ತಗ್ಗಿಸಿ ಏಡಿಯ ಇನ್ನೊಂದು ಕಾಲು ಎತ್ತಿಕೊಂಡ. ಬಹಳ ರುಚಿಯಾಗಿತ್ತು.

ಹೊಸ ವರ್ಷದ ಮೊದಲ ಕೆಲಸದ ದಿನ ಜಿಟಿಜಿಟಿ ಮಳೆ. ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಬಂದ ನಿಶಿಗಾಕಿ ಬಾಗಿಲಲ್ಲಿ ಕೊಡೆ ಮಡಿಚಿದ. ಕಪ್ಪೆಯ ಬಾಯಿಯಲ್ಲಿ ಆಗಲೇ ಮೂರು ಒದ್ದೆ ಕೊಡೆಗಳು. ಭೇಟಿಯವರು ಬಂದರು, ಆ ಒಂದು ಮಾತು ಹೇಳಿ ಹೋಗುತ್ತಾರೆ ಎಂದುಕೊಂಡು ಒಳಗೆ ಕಾಲಿಟ್ಟ.

ಉನೆಮೋಟೊ, ಒಗಿನೊ, ಹಾಮಾಗುಚಿ ಮೂವರೂ ಸಾಲಾಗಿ ನಿಂತಿದ್ದರು. ಕಪ್ಪು ಬಟ್ಟೆ, ಕೈಯಲ್ಲಿ ಯೋಕಾನ್ ಮಿಠಾಯಿಯ ಡಬ್ಬಿ. ನಿಶಿಗಾಕಿ ಬಾಗಿಲಲ್ಲೇ ನಿಂತ. ಹೊಸ ವರ್ಷಕ್ಕೆ ಯಾರೂ ಕಪ್ಪು ಬಟ್ಟೆ ತೊಟ್ಟು, ಇಟ್ಟಿಗೆಯಷ್ಟು ಭಾರದ ಯೋಕಾನ್ ಹೊತ್ತು ತರುವುದಿಲ್ಲ. ತಪ್ಪಾಯಿತು ಎಂದು ಕ್ಷಮೆ ಕೇಳಲು ಹೋಗುವಾಗ ಮಾತ್ರ ಹಾಗೆ ಹೋಗುತ್ತಾರೆ.

"ಯಜಮಾನ್ರೇ, ನಮ್ಮಿಂದ ಏನು ಅಪರಾಧ ಆಯ್ತೋ ಗೊತ್ತಿಲ್ಲ," ಉನೆಮೋಟೊನ ಹಣೆ ಮೇಜಿಗೆ ತಾಗುತ್ತಿತ್ತು. "ಈ ಸಲ ವರ್ಷದ ಉಡುಗೊರೆ ಬರ್ಲಿಲ್ಲ ಅಂದಾಗ್ಲೇ ಎದೆ ಒಡೀತು. ರಾತ್ರಿ ನಿದ್ದೆ ಇಲ್ಲ. ಗರಗಸ ಮಾತ್ರ ನಿಲ್ಲಿಸ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅ-ಅಯ್ಯೋ, ನಿ-ನಿಮಗೂ ಬರ್ಲಿಲ್ವಾ?" ಹಾಮಾಗುಚಿ ತಲೆಯೆತ್ತಿದ. ಒಗಿನೊ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು. ಯಜಮಾನರು ಕಕ್ಕಾಬಿಕ್ಕಿ.

"ಎಲ್ಲರಿಗೂ ಕಳಿಸಿದೀವಲ್ಲಪ್ಪ!" ಎಂದರು ಮಿತ್ಸುಯೊ. "ಇರಿ, ಸ್ಟೋರಿಗೆ ಫೋನ್ ಮಾಡ್ತೀನಿ. ಯಾವ ಹೆಸರಲ್ಲಿ ಏನು, ಎಲ್ಲಿಗೆ ಹೋಯ್ತು ಅಂತ ಅವರೇ ಹೇಳ್ತಾರೆ."

ಸಾಧುಗಳು ದೂರು ಹೇಳುವುದಿಲ್ಲ ಎಂದು ನಿಶಿಗಾಕಿ ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು. ಸಾಧುಗಳು ಕ್ಷಮೆ ಕೇಳುತ್ತಾರೆ ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ. ಫೋನು ಕಿವಿಗಿಟ್ಟುಕೊಂಡೇ ಮಿತ್ಸುಯೊ, "ಉನೆಮೋಟೊ-ಸಾನ್, ನೀವು ಏಡಿ ಆರಿಸಿದೀರಂತೆ," ಎಂದರು. "ನಾನಾ? ಏಡಿ ತಿಂದ್ರೆ ನನಗೆ ಮೈಯೆಲ್ಲಾ ದದ್ದು ಏಳತ್ತಮ್ಮಾ!" ಎಂದ ಮುದುಕ. ಮಿತ್ಸುಯೊ ಅತ್ತ ಕಡೆಯವರಿಗೆ, "ಎಲ್ಲಿಗೆ ಕಳಿಸಿದ್ರಿ? ನಿಧಾನಕ್ಕೆ ಹೇಳಿ, ಬರ್ಕೊಳ್ತೀನಿ," ಎಂದು ಪೆನ್ನಿಗಾಗಿ ಹಿಂದಕ್ಕೆ ಕೈ ಚಾಚಿದರು. ಇಷ್ಟು ವರ್ಷದ ಅಭ್ಯಾಸ ನೋಡಿ, ನಿಶಿಗಾಕಿ ತನ್ನ ಜೇಬಿನ ಪೆನ್ನನ್ನೇ ತೆಗೆದು ಆ ಕೈಗೆ ಕೊಟ್ಟ.