ಶೆಡ್ಡಿನ ಬಲ್ಬು ಉರಿದದ್ದು ಹೇಗೆ?

ಹೆಣ ಕುರ್ಚಿಯ ಪಕ್ಕ ಬಿದ್ದಿತ್ತು. ಅಂಗೈ ಸುಟ್ಟು ಕಪ್ಪಾಗಿತ್ತು. ಮೇಜಿನ ಮೇಲೆ ತಿರುಪುಗಳ ಡಬ್ಬಿ, ಬಿಚ್ಚಿಟ್ಟ ರೇಡಿಯೋ, ತುದಿ ಸುಲಿದ ಎರಡು ತಂತಿ. ತಲೆಯ ಮೇಲೆ ಬಲ್ಬು ಮಾತ್ರ ಏನೂ ಆಗದವರ ಹಾಗೆ ಉರಿಯುತ್ತಿತ್ತು.

ಇನ್ಸ್‌ಪೆಕ್ಟರಮ್ಮ ಹೊಸ್ತಿಲಲ್ಲೇ ನಿಂತಳು. ಎಂಥೆಂಥ ರೌಡಿಗಳನ್ನು ಎಳೆದುಕೊಂಡು ಹೋದ ಹೆಂಗಸು, ಆದರೆ ಕರೆಂಟು ಅಂದರೆ ಮಾರು ದೂರ ನಿಲ್ಲುತ್ತಿದ್ದಳು. ಚಿಕ್ಕಂದಿನಲ್ಲಿ ಇಸ್ತ್ರಿಪೆಟ್ಟಿಗೆ ಹೊಡೆದ ಶಾಕು ಇನ್ನೂ ಮರೆತಿರಲಿಲ್ಲ.

"ಸ್ವಿಚ್ಚು ಎಲ್ಲಿ?"

"ಮನೆಯ ಅಡುಗೆಮನೇಲಿ, ಮೇಡಂ," ಅಂದ ಪೇದೆ.

"ಮೊದಲು ಆರಿಸು. ಆಮೇಲೆ ನಾನು ಒಳಗೆ ಬರ್ತೀನಿ."

ಸತ್ತವನನ್ನು ಬೀದಿಯವರೆಲ್ಲ ತಂತಿಮಾವ ಅನ್ನುತ್ತಿದ್ದರು. ಕೆಟ್ಟ ಮಿಕ್ಸಿಯ ಮೋಟಾರಿನಿಂದ ನಾಯಿಗೆ ಫ್ಯಾನು ಮಾಡಿಕೊಟ್ಟ ಆಸಾಮಿ. ಅವನ ಎದೆಯ ಜೇಬು ತಡಕಿದಾಗ ಗಟ್ಟಿಯಾದ್ದೇನೋ ಸಿಕ್ಕಿತು. ಬಿಳಿ ಪಿಂಗಾಣಿಯ ಫ್ಯೂಸು. ಅವಳು ಅದನ್ನು ಸದ್ದಿಲ್ಲದೆ ಕರವಸ್ತ್ರದಲ್ಲಿ ಸುತ್ತಿಕೊಂಡಳು.

* * *

ಅಡುಗೆಮನೆಯಲ್ಲಿ ಎರಡು ತಟ್ಟೆ ಬಡಿಸಿದ ಹಾಗೇ ಇದ್ದವು. ಹೆಂಡತಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸತ್ತವನ ಗೆಳೆಯ, ವಾಚಿನ ಅಂಗಡಿಯವನು, ಬಾಗಿಲಲ್ಲಿ ನಿಂತಿದ್ದ.

"ಅತ್ತಿಗೆಗೆ ಕಿವಿ ಕೇಳಿಸಲ್ಲ ಮೇಡಂ. ಜೋರಾಗಿ ಕೂಗಿ, ಕೈಯಲ್ಲಿರೋ ಪಟ್ಟಿ ನಡುಗುತ್ತೆ. ಅದು ನಾನು ಮಾಡಿದ್ದು. ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು."

"ಅಮ್ಮಾ!"

ಪಟ್ಟಿ ಗುರ್ರೆಂದಿತು. ಅವಳು ತಿರುಗಿ, ಇನ್ಸ್‌ಪೆಕ್ಟರಮ್ಮನ ತುಟಿಯನ್ನೇ ನೋಡಿದಳು.

"ನಾನೇ ಕೊಂದೆ," ಅಂದಳು ಮೆಲ್ಲಗೆ. "ದಿನಾ ಒಂದು ಗಂಟೆಗೆ ಈ ಸ್ವಿಚ್ಚು ಹಾಕಿ ಕಿಟಕಿಯಿಂದ ನೋಡ್ತೀನಿ. ಶೆಡ್ಡಲ್ಲಿ ಬಲ್ಬು ಉರಿದರೆ ಊಟಕ್ಕೆ ಬರ್ತಾರೆ ಅಂತ ಲೆಕ್ಕ. ಉರಿಯದಿದ್ದರೆ ಫ್ಯೂಸು ಕಿತ್ತು ಕೆಲಸಕ್ಕೆ ಕೂತಿದಾರೆ ಅಂತ. ಇವತ್ತು ಉರೀತು. ಬಡಿಸಿಕೊಂಡು ಕಾದೆ. ಎಷ್ಟು ಹೊತ್ತಾದರೂ ಬರಲಿಲ್ಲ."

"ಪಾಪ, ಫ್ಯೂಸು ಕೀಳೋದು ಮರೆತಿದಾನೆ," ಅಂದ ಗೆಳೆಯ.

ಪೇದೆ ಇನ್ಸ್‌ಪೆಕ್ಟರಮ್ಮನ ಹತ್ತಿರ ಬಗ್ಗಿದ. "ಮರೆವೋ ಏನೋ ಮೇಡಂ. ನಿನ್ನೆ ಈ ಮನೇಲಿ ದೊಡ್ಡ ಜಗಳವಂತೆ. ಸತ್ತವನ ಕೂಗಾಟ ಪಕ್ಕದ ಮನೆಗೂ ಕೇಳಿಸಿದೆ. ಈಕೆ ಬೇಕಂತಲೇ ಹಾಕಿರಬಹುದು."

ಇನ್ಸ್‌ಪೆಕ್ಟರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಾಲ್ಕು ಗಂಟೆಗೆ ಬೆರಳಚ್ಚಿನವರು ಬರ್ತಾರೆ. ಶೆಡ್ಡಿನ ಹೊರಗೋಡೆಯ ಫ್ಯೂಸ್ ಪೆಟ್ಟಿಗೇನ ಅಲ್ಲೀವರೆಗೆ ಯಾರೂ ಮುಟ್ಟಕೂಡದು."

* * *

ಮೂರೂವರೆ. ಹೆಣ ಆಸ್ಪತ್ರೆಗೆ ಹೋಗಿತ್ತು. ಸ್ವಿಚ್ಚು ಮತ್ತೆ ಹಾಕಿಸಿ, ಇನ್ಸ್‌ಪೆಕ್ಟರಮ್ಮ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಒಬ್ಬಳೇ ಕೂತಿದ್ದಳು. ಮೇಲೆ ಬಲ್ಬು. ಮೊಳದ ದೂರದಲ್ಲಿ ಅವೇ ಎರಡು ಬರಿ ತಂತಿ, ಈಗ ಕರೆಂಟಿನಿಂದ ಜೀವಂತ. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ಕಾಲೆತ್ತಿ ಮರದ ಸ್ಟೂಲಿನ ಮೇಲಿಟ್ಟುಕೊಂಡಳು. ಕೆಮ್ಮು ಬಂದರೂ ನುಂಗಿಕೊಂಡಳು. ಮೈ ಅಲುಗಿ ತಂತಿಗೆ ತಗುಲಿಬಿಟ್ಟರೆ ಅನ್ನೋ ಭಯ.

ಹೊರಗೆ ಜಲ್ಲಿಕಲ್ಲು ಸರಿದ ಸದ್ದು. ಒಂದು ಹೆಜ್ಜೆ. ನಿಂತಿತು. ಇನ್ನೊಂದು.

ಪೆಟ್ಟಿಗೆಯ ಮುಚ್ಚಳ ಕಿರ್ರೆಂದಿತು. ಗೋಡೆಯ ಆಚೆ ಯಾರದೋ ಉಸಿರು ಕೇಳಿಸುತ್ತಿತ್ತು.

ಬಲ್ಬು ಆರಿತು.

"ಹಿಡಿಯೋ ಅವನನ್ನ!"

ನೀರಿನ ತೊಟ್ಟಿಯ ಹಿಂದಿನಿಂದ ಪೇದೆ ಅವನ ಮೇಲೆ ಹಾರಿದ. ಅವಳು ಹೊರಗೆ ಬಂದಾಗ ವಾಚಿನ ಅಂಗಡಿಯವನ ಮುಷ್ಟಿಯಲ್ಲಿ ಇನ್ನೊಂದು ಪಿಂಗಾಣಿ ಫ್ಯೂಸು ಇತ್ತು.

* * *

"ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ," ಅಂದಳು ಇನ್ಸ್‌ಪೆಕ್ಟರಮ್ಮ. ಹೆಂಡತಿಯ ಎದುರು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡುತ್ತಿದ್ದಳು. "ಫ್ಯೂಸು ನಿಮ್ಮ ಯಜಮಾನರ ಜೇಬಲ್ಲಿತ್ತು. ಹಾಗಿದ್ದರೆ ಬಲ್ಬು ಹೇಗೆ ಉರೀಬೇಕು? ಅವರು ಕೆಲಸಕ್ಕೆ ಕೂತ ಮೇಲೆ ಯಾರೋ ಬೇರೆ ಫ್ಯೂಸು ತಂದು ಸಿಕ್ಕಿಸಿದ್ದಾರೆ. ಒಂದು ಗಂಟೆಗೆ ನೀವು ಸ್ವಿಚ್ಚು ಹಾಕ್ತೀರಿ ಅಂತ ಗೊತ್ತಿದ್ದವರು. ಇನ್ನು ನಿನ್ನೆಯ ಕೂಗಾಟ. ಕಿವಿ ಕೇಳದ ಹೆಂಡತಿಯ ಹತ್ತಿರ ಯಾರಾದರೂ ಕೂಗಾಡ್ತಾರಾ? ಅವರು ಕೂಗಾಡಿದ್ದು ಇವನ ಮೇಲೆ. ಇವನ ಅಂಗಡಿಯ ಬೋರ್ಡಲ್ಲಿ ಒಂದು ಫ್ಯೂಸಿನ ಜಾಗ ಖಾಲಿಯಿದೆ, ಈಗಷ್ಟೇ ನೋಡಿಸಿದೆ. ಕೈಗೆ ಕಟ್ಟಿರೋ ಪಟ್ಟಿ ಮಾಡಿದ್ದು ಯಾರಮ್ಮ?"

"ಅವರು. ನನಗೋಸ್ಕರ."

"ಇವನು ತನ್ನದು ಅಂತ ಬಹುಮಾನ ಹೊಡೆದ."

ವಾಚಿನ ಅಂಗಡಿಯವನು ತಲೆ ಎತ್ತಲಿಲ್ಲ. "ನಾಳೆ ಪ್ರದರ್ಶನದವರ ಹತ್ತಿರ ಎಲ್ಲಾ ಹೇಳ್ತೀನಿ ಅಂದ. ಮಾನ ಹೋಗ್ತಿತ್ತು. ಹೆಣದ ಜೇಬಿಂದ ಫ್ಯೂಸು ತೆಗೆಯೋಣ ಅಂತ ಬಂದೆ, ಅಷ್ಟರಲ್ಲಿ ಜನ ಸೇರಿಬಿಟ್ಟರು."

ಹೆಂಡತಿ ಅವನ ಕಡೆ ನೋಡಲೇ ಇಲ್ಲ. "ಹಾಗಾದರೆ ಅವರು ಮರೆತಿರಲಿಲ್ಲವಾ?"

"ಇಲ್ಲಮ್ಮ. ಎದೆ ಮೇಲೇ ಇಟ್ಟುಕೊಂಡಿದ್ದರು."

"'ಸ್ವಿಚ್ಚು ಹಾಕಬೇಡ ಅಂತ ನಾನು ಶೆಡ್ಡಿಂದ ಕೂಗಿದರೆ ನಿನಗೆ ಕೇಳಿಸಲ್ಲ. ಅದಕ್ಕೇ ಫ್ಯೂಸು ನನ್ನ ಹತ್ತಿರ ಇರಲಿ' ಅಂತಿದ್ದರು."

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ತನಗೇ ಕೇಳಿಸದ ಗಂಟಲಿನಲ್ಲಿ ಅವಳು ಗಟ್ಟಿಯಾಗಿ ಅತ್ತಳು. ಕೈಯ ಪಟ್ಟಿ ಗುರ್ರೆಂದು ನಡುಗಿತು. ಅಭ್ಯಾಸಬಲದಿಂದ, ಯಾರು ಕರೆದರು ಅಂತ ಅವಳು ಶೆಡ್ಡಿನ ಕಡೆ ತಿರುಗಿ ನೋಡಿದಳು.