ಕೊನೆಯ ಕಡಜದ ಎಡ ಚಕ್ರ

ಕಾರು ಇತ್ತು. ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಎಡ ಚಕ್ರದ ಹಿಂದಿನ ಒಂದು ಕಬ್ಬಿಣದ ತುಂಡು ಮಾತ್ರ ಇರಲಿಲ್ಲ.

ಬೆಳಗ್ಗೆ ಎಂಟಕ್ಕೆ ಶೆಡ್ಡಿನ ಬೀಗ ತೆಗೆದ ದಂತವೈದ್ಯರು ತಮ್ಮ ಕಾರಿನ ಕೆಳಗೆ ಬಗ್ಗಿ ನೋಡಿ, ಅಲ್ಲೇ ನೆಲದ ಮೇಲೆ ಕುಸಿದು ಕೂತರಂತೆ. ಒಂಬತ್ತಕ್ಕೆ ನನ್ನ ಭಾವನಿಗೆ ಫೋನ್ ಬಂತು. ಒಂಬತ್ತೂವರೆಗೆ ನಾನು ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಅವರ ಹಿಂದೆ ಓಡುತ್ತಿದ್ದೆ. ಭಾವ ಮೂವತ್ತು ವರ್ಷ ವಿಮೆಯ ಸರ್ವೇಯರ್ ಆಗಿ ಗುದ್ದಿದ, ಮಗುಚಿದ, ಸುಟ್ಟ ವಾಹನಗಳನ್ನೇ ನೋಡುತ್ತ ಬಂದವರು. ಅವರು ನಿವೃತ್ತರಾದರು, ಅವರ ಮೂಗು ಆಗಲಿಲ್ಲ. ಅಕ್ಕನನ್ನು ಕೊಟ್ಟ ತಪ್ಪಿಗೆ ಫೋಟೋ ತೆಗೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ಕಡಜ ಎಂದರೆ ಇಪ್ಪತ್ತಾರು ವರ್ಷದ ಹಿಂದೆ ಬಾಗಿಲು ಹಾಕಿದ ಕಾರ್ಖಾನೆಯೊಂದರ ಪುಟ್ಟ ಕಾರು. ಅದರ ಗುಂಯ್ ಸದ್ದಿಗೆ ಜನ ಇಟ್ಟ ಅಡ್ಡಹೆಸರೇ ಕೊನೆಗೆ ನಿಜವಾದ ಹೆಸರಾಯಿತು. ಓಡಾಡುತ್ತಿದ್ದಾಗ ಅದು ಹಿತ್ತಲ ಗಿಡ, ಯಾರಿಗೂ ಮದ್ದಾಗಲಿಲ್ಲ. ನಿಂತುಹೋದ ಮೇಲೆ ಅಭಿಮಾನಿಗಳ ಸಂಘ ಹುಟ್ಟಿತು, ‘ಕಡಜ ಮತ್ತೆ ಬರಲಿ’ ಎಂಬ ಅರ್ಜಿಗಳು ಹೋದವು. ಕಡೆಗೂ ಹೊಸ ಕಂಪನಿಯೊಂದು ಆ ಹೆಸರನ್ನು ಕೊಂಡಿತು. ಆದರೆ ಹಳೆಯ ನಕ್ಷೆಗಳು ಒಂದೂ ಉಳಿದಿರಲಿಲ್ಲ. ಕಾರ್ಖಾನೆಯಿಂದ ಕಟ್ಟಕಡೆಗೆ ಹೊರಬಂದ ಈ ಕಾರೊಂದೇ ಮೂಲ ಭಾಗಗಳ ಸಮೇತ ಉಳಿದಿತ್ತು. ಅದನ್ನು ಅಳೆಯಲು ಕಂಪನಿಯ ಎಂಜಿನಿಯರ್ ಹುಡುಗಿ ಅಂದೇ ಬಂದಿದ್ದಳು.

‘ಸಂಜೆಯೊಳಗೆ ಪೂರ್ತಿ ಅಳತೆ ಕಳಿಸ್ಬೇಕು ಸರ್’ ಎಂದಳು ಅವಳು. ‘ಇಲ್ಲಾಂದ್ರೆ ಬೇರೆ ಯಾವುದೋ ಕಾರಿಗೆ ಕಡಜ ಅಂತ ಹೆಸರು ಅಂಟಿಸಿ ಮಾರ್ತಾರೆ. ನಮ್ಮ ಮೇಲಿನವರು ಅದಕ್ಕೂ ತಯಾರಾಗೇ ಇದ್ದಾರೆ.’

ಇದನ್ನು ಕೇಳಿ ಸಂಘದ ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು. ಆಕೆ ಶಾಲೆಯೊಂದರಲ್ಲಿ ಗಣಿತದ ಟೀಚರ್. ಕೈಯಲ್ಲಿ ಹೊಸ ರಟ್ಟಿನ ಪುಸ್ತಕ; ಪ್ರತಿ ಭಾಗದ ಮೇಲೆ ಕೊರೆದ ನಂಬರನ್ನು ಅದರಲ್ಲಿ ಬರೆದುಕೊಳ್ಳುವುದು ಆಕೆಯ ಕೆಲಸವಾಗಿತ್ತು.

‘ನಿಮಗ್ಯಾಕಮ್ಮ ಈ ಕಾರಿನ ಮೇಲೆ ಇಷ್ಟು ಜೀವ?’ ಭಾವ ಮೆಲ್ಲಗೆ ಕೇಳಿದರು.

‘ನಮ್ಮಪ್ಪ ಆ ಕಾರ್ಖಾನೆಯ ಟೆಸ್ಟ್ ಡ್ರೈವರ್. ಕೊನೇ ವರ್ಷ ತಿರುವಿನಲ್ಲಿ ಗೋಡೆಗೆ ಗುದ್ದಿ ಹೋಗ್ಬಿಟ್ರು. ನನಗಾಗ ಐದು ವರ್ಷ. ಅತಿವೇಗಕ್ಕೆ ಸ್ಟಿಯರಿಂಗ್ ಆರ್ಮ್ ಮುರಿದಿದೆ ಅಂತ ವರದಿ ಬಂತು. ಹುಚ್ಚುಹುಚ್ಚಾಗಿ ಓಡಿಸಿ ಸತ್ತ ಅಂತ ಊರೆಲ್ಲ ಆಡಿಕೊಳ್ತು.’ ಆಕೆ ಪುಸ್ತಕವನ್ನು ಎದೆಗೆ ಒತ್ತಿಕೊಂಡರು. ‘ಅಪ್ಪನ ಗಾಡಿ ಮತ್ತೆ ರಸ್ತೆಗೆ ಇಳೀಬೇಕು ಸರ್. ಆಗಲಾದ್ರೂ ಜನ ಬೇರೆ ಮಾತಾಡ್ತಾರೆ.’

ಕಳುವಾದದ್ದೂ ಸ್ಟಿಯರಿಂಗ್ ಆರ್ಮೇ. ಸ್ಟಿಯರಿಂಗ್‌ನ ಸರಳು ಎಳೆದಾಗ ಚಕ್ರವನ್ನು ತಿರುಗಿಸುವ, ಗೇಣುದ್ದದ ಕಬ್ಬಿಣದ ತೋಳು. ಸರಳಿನ ತುದಿಯ ಬೋಲ್ಟು ಅದರ ಕಿವಿಯೊಳಗೆ ತೂರುತ್ತದೆ. ಅದಕ್ಕೊಂದು ನಟ್ಟು. ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡಕ್ಕೆ ತೂರಿಸಿ ಕಾಲು ಮಡಚುವ ಒಂದು ತಂತಿಯ ಪಿನ್ನು. ಈಗ ತೋಳಿಲ್ಲ, ಸರಳು ಜೋತಾಡುತ್ತಿತ್ತು. ನಾನು ಹತ್ತು ಫೋಟೋ ತೆಗೆದೆ. ವಿಶೇಷವೇನೂ ಕಾಣಲಿಲ್ಲ.

ಬೀಗದ ಕೈ ಇದ್ದದ್ದು ಮೂವರ ಬಳಿ: ಕಾರಿನ ಒಡೆಯರಾದ ದಂತವೈದ್ಯರು, ಕಾರ್ಯದರ್ಶಿ ಮತ್ತು ಕಾರಿನ ರಿಪೇರಿ ನೋಡಿಕೊಳ್ಳುವ ಮೇಸ್ತ್ರಿ. ಅನುಮಾನದ ಪಟ್ಟಿಯಲ್ಲಿ ನಾಲ್ಕನೆಯವನು ಹಳೆಯ ಬಿಡಿಭಾಗ ಮಾರುವವನು. ಎಲ್ಲರೂ ಅವನನ್ನು ತಕ್ಕಡಿ ಎನ್ನುತ್ತಿದ್ದರು. ಹಿಂದಿನ ದಿನವೆಲ್ಲ ಅವನೂ ಶೆಡ್ಡಿನಲ್ಲೇ ಸುಳಿದಾಡಿದ್ದ.

ಭಾವ ಮೊದಲು ದಂತವೈದ್ಯರನ್ನು ಹಿಡಿದರು.

‘ಹೊಸ ಕಡಜ ಬಂದ್ರೆ ನಿಮ್ಮ ಕಾರಿಗೆ ಈಗಿರೋ ಗತ್ತು ಇರುತ್ತಾ ಡಾಕ್ಟ್ರೇ?’

‘ಏನ್ರೀ ಹಾಗಂದ್ರೆ? ನಾನೇ ಕದ್ದೆ ಅಂತೀರಾ?’ ಅವರು ಕೆಂಪಾದರು. ‘ಇದು ಕೊನೇ ಕಾರು ಕಣ್ರೀ. ಗೋದಾಮಿನ ಮೂಲೆ ಮೂಲೆಯಿಂದ ಉಳಿದಿದ್ದೆಲ್ಲ ಬಳಿದು ಕಟ್ಟಿದ್ದು. ಇಂಥದ್ದು ಇನ್ನೊಂದು ಹುಟ್ಟಲ್ಲ. ನನಗ್ಯಾಕೆ ಭಯ?’

‘ಬಿಚ್ಚೋಕೆ ಯಾವ ಸ್ಪ್ಯಾನರ್ ಬೇಕು?’

ದಂತವೈದ್ಯರು ತಡವರಿಸಿದರು. ‘ಅದೆಲ್ಲ ಮೇಸ್ತ್ರಿ ನೋಡ್ಕೋತಾರೆ.’

ತಕ್ಕಡಿ ಕೇಳುವ ಮೊದಲೇ ಶುರುಮಾಡಿದ. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ಸ್ವಾಮಿ ನಾನು! ಹೊಸ ಗಾಡಿ ಬಂದ್ರೆ ನನ್ನ ವ್ಯಾಪಾರ ಬೀಳುತ್ತೆ, ನಿಜ. ಆದ್ರೆ ಕದಿಯೋನಾಗಿದ್ರೆ ಎಡಗಡೆದೊಂದೇ ಯಾಕೆ ಕದೀಲಿ? ಜೋಡಿ ಇಲ್ದಿದ್ರೆ ಯಾರೂ ಮೂಸಿ ನೋಡಲ್ಲ. ನಟ್ಟು ಬೋಲ್ಟು ಕೂಡ ಬಿಡ್ತಿರ್ಲಿಲ್ಲ, ಜೇಬಿಗೆ ಹಾಕ್ಕೊಂಡು ಹೋಗ್ತಿದ್ದೆ.’

ಈ ಪ್ರಾಮಾಣಿಕತೆಗೆ ನನಗೆ ನಗು ಬಂತು. ಭಾವ ನಗಲಿಲ್ಲ.

ಮೇಸ್ತ್ರಿ ಬಲ ಚಕ್ರದ ಬಳಿ ಕೂತಿದ್ದರು. ಎಪ್ಪತ್ತರ ಅಂಚು, ಬಿಳಿ ಹುಬ್ಬು. ಒಂದು ಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ಸ್ಟಿಯರಿಂಗ್ ಜೋಡಿಸಿ ತಪಾಸಣೆ ಮಾಡುತ್ತಿದ್ದವರು. ಕಾರ್ಯದರ್ಶಿಯ ತಂದೆಯ ಗೆಳೆಯ. ತಂದೆ ಹೋದ ಮೇಲೆ ಆಕೆಯನ್ನು ಓದಿಸಿ, ನಿಂತು ಮದುವೆ ಮಾಡಿದ್ದೂ ಅವರೇ. ಆಕೆ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು.

‘ಮೇಸ್ತ್ರಿಗಳೇ, ನಿನ್ನೆ ಎಷ್ಟು ಹೊತ್ತಿಗೆ ಹೋದ್ರಿ?’

ಅವರು ನಟ್ಟು ಬಿಗಿದರು. ಪಿನ್ನು ತೂರಿಸಿದರು. ಅದರ ಒಂದು ಕಾಲನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಮಡಚಿ, ತುದಿಗಳನ್ನು ಬಟ್ಟೆಗೂ ಸಿಗದಂತೆ ಒತ್ತಿದರು. ಆಮೇಲೆ ಕೈ ಒರೆಸಿಕೊಂಡು ತಲೆ ಎತ್ತಿದರು. ದೊಡ್ಡ ಸೊಕ್ಕಿನ ಮನುಷ್ಯ ಎಂದುಕೊಂಡೆ.

‘ಐದಕ್ಕೆ. ಗ್ರೀಸೆಲ್ಲ ಒರೆಸಿ ಶುಚಿ ಮಾಡಿಟ್ಟು ಹೋದೆ.’

‘ಕೇಳಿದ ತಕ್ಷಣ ಹೇಳ್ಬಹುದಿತ್ತು.’

‘ನಟ್ಟು ಹಾಕಿದ ಕೈ ಪಿನ್ನು ಹಾಕದೆ ಮೇಲೇಳಬಾರದು ಸ್ವಾಮಿ. ಬೆಂಕಿ ಬಿದ್ರೂ ಅಷ್ಟೇ.’

ಭಾವ ನನ್ನ ಕ್ಯಾಮೆರಾ ಕಿತ್ತುಕೊಂಡು ಫೋಟೋಗಳನ್ನು ಒಂದೊಂದಾಗಿ ನೋಡಿದರು. ನಾಲ್ಕನೆಯದರಲ್ಲಿ ನಿಂತರು. ಅವರ ಮುಖದಲ್ಲಿ ಗೆದ್ದ ಖುಷಿ ಕಾಣಲಿಲ್ಲ. ಅದೇ ನನಗೆ ಗಾಬರಿ ತಂದಿತು.

‘ಎಲ್ಲರೂ ಎಡ ಚಕ್ರದ ಹತ್ತಿರ ಬನ್ನಿ’ ಎಂದರು.

ಜೋತಾಡುತ್ತಿದ್ದ ಸರಳಿನ ತುದಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಕೇಳಿದರು: ‘ಈ ನಟ್ಟು ಏನನ್ನ ಹಿಡಿದಿದೆ?’

‘ಏನೂ ಇಲ್ಲ’ ಎಂದಳು ಎಂಜಿನಿಯರ್. ‘ಆರ್ಮೇ ಇಲ್ವಲ್ಲ. ಕಳೀಬಾರದು ಅಂತ ತಿರುಗಿಸಿ ಇಟ್ಟಿದ್ದಾರೆ.’

‘ಸರಿ. ಕೆಲಸ ಗೊತ್ತಿರೋರೆಲ್ಲ ಹಾಗೇ ಮಾಡ್ತಾರೆ. ಆದ್ರೆ ಪಿನ್ನು ಯಾಕೆ?’

ಭಾವ ಸರಳಿನ ತುದಿಯನ್ನು ಬೆಳಕಿಗೆ ಹಿಡಿದರು.

‘ನೋಡಿ, ಹೊಸ ಪಿನ್ನು. ಒಂದು ಕಾಲು ಮೇಲಕ್ಕೆ, ಒಂದು ಕೆಳಕ್ಕೆ. ಡಾಕ್ಟರಿಗೆ ಸ್ಪ್ಯಾನರ್ ಗೊತ್ತಿಲ್ಲ. ತಕ್ಕಡಿ ನಟ್ಟನ್ನೂ ಬಿಡೋನಲ್ಲ. ಏನನ್ನೂ ಹಿಡಿಯದ ನಟ್ಟಿಗೆ ಕಳ್ಳತನದ ಅವಸರದಲ್ಲೂ ಪಿನ್ನು ಹಾಕಿ ಹೋಗೋ ಕೈ ಇಲ್ಲಿ ಒಂದೇ. ಅಲ್ವಾ ಮೇಸ್ತ್ರಿಗಳೇ?’

‘ದೊಡ್ಡಪ್ಪನಾ?’ ಕಾರ್ಯದರ್ಶಿ ಸಿಡಿದರು. ‘ಏನು ಮಾತು ಸರ್ ಇದು! ಅವರ್ಯಾಕೆ ಕದೀತಾರೆ?’

ಭಾವ ಆಕೆಯ ಕಡೆ ತಿರುಗಿದರು. ‘ಇವತ್ತು ನೀವು ಅದರ ನಂಬರ್ ಓದಬಾರದು ಅಂತ. ನಿಮ್ಮ ತಂದೆಯ ಅಪಘಾತದ ವರದಿ ಇದೆಯಾ? ಮುರಿದ ಆರ್ಮಿನ ನಂಬರ್ ಅದರಲ್ಲಿ ಇರ್ಲೇಬೇಕು.’

‘ನನಗೆ ಬಾಯಿಪಾಠ. ಇನ್ನೂರ ಹದಿನೇಳು.’

ಮೇಸ್ತ್ರಿ ಎದ್ದರು. ತಮ್ಮ ಸಲಕರಣೆಯ ಪೆಟ್ಟಿಗೆ ತೆರೆದು, ಎಣ್ಣೆಬಟ್ಟೆಯಲ್ಲಿ ಸುತ್ತಿದ ತೋಳನ್ನು ತಂದು ಮೇಜಿನ ಮೇಲೆ ಇಟ್ಟರು. ಬಿರುಕಿಲ್ಲ, ಬಾಗಿಲ್ಲ. ಮೈಮೇಲೆ ಮೂರು ಅಂಕಿ: 217.

‘ಇದು... ಮುರಿದೇ ಇಲ್ಲ’ ಎಂದರು ಕಾರ್ಯದರ್ಶಿ.

‘ಮುರಿದಿರ್ಲಿಲ್ಲ ತಾಯಿ.’ ಮೇಸ್ತ್ರಿಯ ದನಿ ಒಣಗಿತ್ತು. ‘ಅವತ್ತು ನಟ್ಟು ಹಾಕಿದ್ದೆ. ಊಟದ ಗಂಟೆ ಹೊಡೀತು. ಪಿನ್ನು ಬಂದು ಹಾಕೋಣ ಅಂತ ಎದ್ದು ಹೋದೆ. ನಿಮ್ಮಪ್ಪ ಊಟ ಬಿಟ್ಟು ಗಾಡಿ ತಗೊಂಡು ಹೋಗಿದ್ದ. ನಟ್ಟು ಬಿಚ್ಕೊಂಡು ಬಿದ್ದಿದೆ. ಅವನ ಕೈಯಲ್ಲಿ ಸ್ಟಿಯರಿಂಗ್ ಇತ್ತು, ಚಕ್ರ ಅವನ ಮಾತು ಕೇಳ್ತಿರ್ಲಿಲ್ಲ.’

‘ವರದಿ?’ ಆಕೆ ಕೇಳಿದರು.

‘ಬರೆಯೋಕೆ ಕಳಿಸಿದ್ದು ನನ್ನನ್ನೇ. ಆರ್ಮ್ ಮುರಿದಿದೆ ಅಂತ ಬರೆದು ಅದನ್ನ ಗೋದಾಮಿಗೆ ಎಸೆದೆ. ಕೊನೇ ಗಾಡಿಗೆ ಯಾರೋ ಅದನ್ನೇ ಎತ್ತಿ ಹಾಕಿದ್ದಾರೆ. ನಿನ್ನೆ ಗ್ರೀಸ್ ಒರೆಸಿದಾಗ ನಂಬರ್ ಕಾಣಿಸ್ತು. ಇವತ್ತು ನೀನೇ ಅದನ್ನ ಓದಿ ಬರ್ಕೋತಿದ್ದೆ.’

‘ಅರ ಇತ್ತಲ್ಲ ನಿಮ್ಮ ಹತ್ರ. ನಂಬರ್ ಉಜ್ಜಿ ಹಾಕ್ಬಹುದಿತ್ತು’ ಎಂದರು ಭಾವ.

‘ಅರ ಇಟ್ಟೆ ಸ್ವಾಮಿ. ಎಳೆಯೋಕೆ ಕೈ ಬರ್ಲಿಲ್ಲ. ಅವನ ಕಡೆ ಸಾಕ್ಷಿ ಹೇಳೋಕೆ ಅದೊಂದೇ ಉಳಿದಿತ್ತು.’

ಆ ಮುದುಕರನ್ನು ಕಂಡು ನನಗೆ ಮರುಕವಾಯಿತು. ಸೊಕ್ಕಿನ ಮನುಷ್ಯ ಎಂದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಆದರೆ ಕಾರ್ಯದರ್ಶಿಯನ್ನು ನೋಡಿದಾಗ ಆ ಕರುಣೆಯೂ ಬಾಯಿಗೆ ಬರಲಿಲ್ಲ. ಆಕೆ ಅಳಲಿಲ್ಲ. ತೋಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಆ ಮೂರು ಅಂಕಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಅದನ್ನು ಎಂಜಿನಿಯರ್‌ಗೆ ಕೊಟ್ಟರು.

‘ಅಳತೆ ತಗೊಳ್ಳಿ. ಸಂಜೆಯೊಳಗೆ ಮುಗೀಬೇಕಲ್ಲ.’

ರಟ್ಟಿನ ಪುಸ್ತಕದ ಮೊದಲ ಹಾಳೆ ತೆರೆದು ಮೇಸ್ತ್ರಿಯ ಮುಂದೆ ಇಟ್ಟರು. ಪೆನ್ನೂ ಇಟ್ಟರು.

‘ಬರೀರಿ. ಇನ್ನೂರ ಹದಿನೇಳು, ಮುರಿದಿಲ್ಲ. ಪಿನ್ನು ಹಾಕಿರಲಿಲ್ಲ. ಅತಿವೇಗ ಅಂತ ಬರೆದದ್ದು ಸುಳ್ಳು. ಅಪ್ಪನ ಹೆಸರು ಪೂರ್ತಿ ಬರೀರಿ.’

ಮೇಸ್ತ್ರಿ ಬರೆದರು. ಬಹಳ ಹೊತ್ತು ಹಿಡಿಯಿತು. ಬರೆದು ಮುಗಿಸಿ ಆಕೆಯ ಮುಖ ನೋಡಿದರು. ಒಂದು ಮಾತಿಗಾಗಿ ಕಾಯುತ್ತಿದ್ದರು ಎಂಬುದು ನನಗೂ ಗೊತ್ತಾಯಿತು.

ಆಕೆ ಸಾಲುಗಳನ್ನು ಎರಡು ಸಲ ಓದಿದರು.

‘ಕೆಳಗೆ ಸಹಿ ಹಾಕಿ’ ಎಂದರು, ‘ಮೇಸ್ತ್ರಿಗಳೇ.’

ದೊಡ್ಡಪ್ಪ ಎನ್ನಲಿಲ್ಲ. ಅವರು ತಲೆ ಬಗ್ಗಿಸಿ ಸಹಿ ಹಾಕಿದರು.