ಪಿಳ್ಳಣ್ಣನ ಹಾಜರಿ

೧೯೪೬ನೇ ಇಸವಿ ಫೆಬ್ರವರಿ ಹನ್ನೊಂದು, ಬೆಳಿಗ್ಗೆ. ಮಧುರೆಯ ಕುರಿ ಕಾಯುವ ರಾಮಾಂಜಿನಪ್ಪ ಏದುಸಿರು ಬಿಡುತ್ತ ದೊಡ್ಡಬಳ್ಳಾಪುರದ ಠಾಣೆಗೆ ಬಂದು, ಊರಾಚೆಯ ಪಾಳುಬಾವಿಯಲ್ಲಿ ಹೆಣ ತೇಲುತ್ತಿದೆಯೆಂದು ದೂರು ಕೊಟ್ಟ. ಇನ್ಸ್‌ಪೆಕ್ಟರ್ ನರಸಿಂಹಯ್ಯ ಎಫ್.ಐ.ಆರ್. ಬರೆಸಿ, ಡಾಕ್ಟರನ್ನೂ ಇಬ್ಬರು ಕಾನ್‌ಸ್ಟೇಬಲರನ್ನೂ ಕರೆದುಕೊಂಡು ಹೊರಟರು.

ಹೆಣ ಮೇಲೆ ಬಂದಾಗ ಮುಖ ಎಂಬುದೇ ಉಳಿದಿರಲಿಲ್ಲ. ತಲೆಯ ಹಿಂಬದಿ ಒಡೆದಿತ್ತು.

"ಸತ್ತು ವಾರಕ್ಕೆ ಮೇಲಾಗಿದೆ," ಎಂದರು ಡಾಕ್ಟರು.

ಹೆಣ ಎತ್ತಲು ಬಂದಿದ್ದ ಊರ ತೋಟಿ ಮುನಿಶಾಮಪ್ಪ ಅದರ ಎಡಗಾಲು ನೋಡಿದ. ಆರು ಬೆರಳು! "ಅಯ್ಯಯ್ಯೋ, ಇವ್ರು ಪಿಳ್ಳಣ್ಣೋರು ಬುದ್ಧಿ!" ಎಂದು ಕೂಗಿಕೊಂಡ. "ನಿನ್ನೆ ಸಂಜೆ ಕೂಗಿದ್ದಕ್ಕೆ ಓಗೊಟ್ರಲ್ಲಾ!"

ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲನ ಕೈ ನಿಂತಿತು. ನರಸಿಂಹಯ್ಯ ಬಗ್ಗಿ ಆ ಕಾಲನ್ನು ತಾವೇ ನೋಡಿದರು. ಹಿಂದಿನ ವರ್ಷ ಕನ್ನಗಳವಿನಲ್ಲಿ ಸಿಕ್ಕಿಬಿದ್ದ ಈ ಪಿಳ್ಳಣ್ಣನಿಗಾಗಿ, "ಜೈಲಿಗೆ ಹೋದರೆ ಹಳೇ ಕಳ್ಳರ ಕೈಯಲ್ಲಿ ಪಳಗುತ್ತಾನೆ, ಪ್ರೊಬೇಷನ್ ಮೇಲೆ ಬಿಟ್ಟು ನೋಡೋಣ" ಎಂದು ಮ್ಯಾಜಿಸ್ಟ್ರೇಟರನ್ನು ಕೇಳಿಕೊಂಡವರೇ ಅವರು. ಒಂದು ವರ್ಷ ದೀಪ ಹಚ್ಚುವ ಹೊತ್ತಿನಿಂದ ಕೋಳಿ ಕೂಗುವವರೆಗೆ ಮನೆ ಬಿಟ್ಟು ಕದಲಬಾರದು, ತೋಟಿ ಯಾವಾಗ ಕೂಗಿದರೂ ಹಾಜರಿ ಹೇಳಬೇಕು. ತಪ್ಪಿದರೆ ಸೀದಾ ಜೈಲು. ಠಾಣೆಯವರೆಲ್ಲ ಮುಸಿಮುಸಿ ನಕ್ಕಿದ್ದರು. ಪಿಳ್ಳಣ್ಣ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಹುಡುಗ ಗೆದ್ದುಬಿಟ್ಟ ಎಂದು ನರಸಿಂಹಯ್ಯ ಒಳಗೊಳಗೇ ಹಿಗ್ಗಿದ್ದರು.

"ನಿನ್ನೆ ಮುಖ ನೋಡಿದ್ಯೇನಯ್ಯ?"

"ಇಲ್ಲ ಬುದ್ಧಿ. ದನಿ ಕೇಳಿದ್ದಷ್ಟೇ."

"ಹಗಲು?"

"ಬಾಶೆಟ್ಟಿಹಳ್ಳಿ ಕಡೆ ಕೂಲಿಗೆ ಹೋಗ್ತಾರೆ, ಕತ್ಲಾದ್ಮೇಲೆ ಬರ್ತಾರೆ ಅಂತ ಅವ್ರಣ್ಣ ಬೈರಣ್ಣೋರು ಹೇಳಿದ್ರು."

"ಮುಖ ನೋಡ್ಲೇಬೇಕು ಅಂತ ಹುಕುಂ ಇಲ್ವಾ?"

"ನಾವು ಅವ್ರ ಜಗಲಿ ಹತ್ತೋ ಹಂಗಿಲ್ವಲ್ಲ ಬುದ್ಧಿ. ಬೀದೀಲೇ ನಿಂತು ಕೂಗ್ತೀನಿ."

ಬಾಯಿಗೆ ಬಂದ ಬೈಗುಳವನ್ನು ನರಸಿಂಹಯ್ಯ ನುಂಗಿಕೊಂಡರು. ಹುಕುಂ ಬರೆಸಿದವರು ತಾವೇ. ಈ ಊರುಗಳನ್ನು ಇಷ್ಟು ವರ್ಷ ಸುತ್ತಿಯೂ ಜಗಲಿಯ ವಿಷಯ ತಲೆಗೆ ಹೊಳೆಯಲಿಲ್ಲವಲ್ಲ, ಥೂ!

ಹೆಣದ ಗುರುತು ಸಿಕ್ಕಿಲ್ಲವೆಂದು ಊರಲ್ಲಿ ಸುದ್ದಿ ಬಿಟ್ಟು, ಸಂಜೆ ಆರೂವರೆಗೆ ತೋಟಿಯೊಂದಿಗೆ ಆ ಮನೆಯ ಮುಂದೆ ನಿಂತರು. ಅಲ್ಲಿ ವಾಸವಿದ್ದದ್ದು ಅಣ್ಣತಮ್ಮಂದಿರಿಬ್ಬರೇ. ಬಾಗಿಲು ಓರೆಯಾಗಿತ್ತು, ಒಳಗೆ ದೀಪವಿರಲಿಲ್ಲ. ಬೀದಿಯ ನಾಯಿಗಳು ಕೂಡ ಯಾಕೋ ಸುಮ್ಮನಿದ್ದವು.

"ಕೂಗು."

"ಸತ್ತೋರ ಹೆಸರು ಹೆಂಗೆ ಕೂಗ್ಲಿ ಬುದ್ಧಿ? ನನ್ ಕೈಲಾಗಲ್ಲ."

"ಕೂಗಯ್ಯ!"

"ಪಿಳ್ಳಣ್ಣೋರೇ..."

ಒಳಗಿನಿಂದ ತಡವಿಲ್ಲದೆ ಬಂತು: "ಇದೀನಿ ಕಣೋ."

ಅದೇ ದನಿ! ಕೋರ್ಟಿನಲ್ಲಿ ಮುಚ್ಚಳಿಕೆ ಬರೆದುಕೊಟ್ಟ ದಿನ ಕೇಳಿದ್ದ ಅದೇ ಗೊಗ್ಗರು ದನಿ. ಬೆಳಿಗ್ಗೆ ಕಂಡ ಮುಖವಿಲ್ಲದ ತಲೆ ನರಸಿಂಹಯ್ಯನವರ ಕಣ್ಣಿಗೆ ಕಟ್ಟಿತು. ಹೆದರಿಕೆಯನ್ನು ಹತ್ತಿಕ್ಕಿ, ಲಾಟೀನು ಎತ್ತಿ ಒಳಗೆ ನುಗ್ಗಿದರು. ಮೂಲೆಯಲ್ಲಿ ತಮ್ಮನ ಕಂಬಳಿ ಹೊದ್ದು ಬೈರಣ್ಣ ಕುಳಿತಿದ್ದ.

"ತಮ್ಮ ಎಲ್ಲಿ?"

ಬೈರಣ್ಣ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

"ಬಾವೀಲಿ ಸಿಕ್ದ."

ಬೈರಣ್ಣ ಕಂಬಳಿ ತೆಗೆದು ಪಕ್ಕಕ್ಕಿಟ್ಟ. "ನಾನೇ ಸ್ವಾಮಿ."

"ಯಾಕೆ?"

"ಕನ್ನ ಕೊರೆಯೋಕೆ ಇಬ್ರೂ ಹೋಗ್ತಿದ್ವಿ. ಸಿಕ್ಕಿದ್ದು ಅವನೊಬ್ನೇ. ನನ್ ಹೆಸರು ಹೇಳ್ಲಿಲ್ಲ. ಮತ್ತೆ ಹೋಗಾನ ಬಾರ್ಲಾ ಅಂದೆ. ಬರಲ್ಲ, ನೀನೂ ಬಿಟ್ಬಿಡು, ಇಲ್ದಿದ್ರೆ ಇನ್ಸ್‌ಪೆಕ್ಟ್ರಿಗೆ ಹೇಳ್ತೀನಿ ಅಂದ. ಗುದ್ದಲಿ ಕೈಲಿತ್ತು."

"ಹಾಜರಿ ಯಾಕೆ ಹೇಳ್ದೆ?"

"ಹೇಳ್ದಿದ್ರೆ ಹುಡುಕ್ತಿದ್ರಲ್ಲ. ಅವನ ದನಿ ಮಾಡೋದು ನಂಗೆ ಕಷ್ಟವಾಗ್ಲಿಲ್ಲ."

ಏಳೂಕಾಲಿಗೆ ದಸ್ತಗಿರಿಯಾಯಿತು. ಹಿತ್ತಿಲಲ್ಲಿ ಹೂತಿಟ್ಟಿದ್ದ ಗುದ್ದಲಿಯನ್ನು ಪಂಚರೆದುರು ವಶಪಡಿಸಿಕೊಂಡರು.

ಠಾಣೆಗೆ ಹೋಗುವ ಗಾಡಿಯಲ್ಲಿ ಬೈರಣ್ಣ ತಾನಾಗಿಯೇ ಬಾಯಿಬಿಟ್ಟ.

"ಯಾವಾಗ ಕೂಗ್ತಾನೋ ಅಂತ ರಾತ್ರಿಯೆಲ್ಲ ಮನೇಲೇ ಇರ್ತಿದ್ದೆ ಸ್ವಾಮಿ. ಕಳ್ತನಕ್ಕೆ ಹೋಗೋಕಾಗ್ಲಿಲ್ಲ. ಬರ್ತಾ ಬರ್ತಾ ಹೋಗ್ಬೇಕು ಅಂತ್ಲೂ ಅನ್ನಿಸ್ಲಿಲ್ಲ. ಸಂಜೆ ಆಯ್ತು ಅಂದ್ರೆ ಇದೀಯಾ ಅಂತ ಕೇಳೋಕೆ ಒಬ್ಬ ಬರ್ತಾನಲ್ಲ... ಪಿಳ್ಳ ಯಾಕೆ ಬರಲ್ಲ ಅಂದ ಅಂತ ಆಗ ತಿಳೀತು." ನರಸಿಂಹಯ್ಯನವರತ್ತ ತಿರುಗಿದ. "ಅವತ್ತು ಅವನ ಜೊತೆ ನನ್ನೂ ಹಿಡಿದಿದ್ರೆ ಇಬ್ರೂ ಉಳೀತಿದ್ವಿ ಸ್ವಾಮಿ."

ನರಸಿಂಹಯ್ಯ ಕೈಕೋಳ ತೊಟ್ಟ ಅವನ ಪಕ್ಕದಲ್ಲಿ ಠಾಣೆ ಬರುವವರೆಗೂ ತಲೆ ತಗ್ಗಿಸಿ ಕುಳಿತಿದ್ದರು.